ಕಾಸರಗೋಡಿನಿಂದ ಸಿನಿಮಾಕ್ಕೆ ಯಾರು ಹೋಗಿದ್ದಾರೆ?

ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗ ಕೇಳುತ್ತಾನೆ. ಮೈಸೂರಿಗೆ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ. "ನಿಮ್ಮದು ಕಾಸರಗೋಡಾ? ಅಲ್ಲಿಂದ ಸಿನಿಮಾಕ್ಕೆ ಬಂದವರು ಯಾರಾದ್ರೂ ಇದ್ದಾರಾ?" ಒಂದೆರಡು ಹೆಸರು ಹೇಳಿದೆ ಅಂತಿಟ್ಟುಕೊಳ್ಳಿ, ತಕ್ಷಣ ಇನ್ನೊಂದು ಪ್ರಶ್ನೆ. "ಅವರೆಲ್ಲ ಮಲಯಾಳಿಗಳಲ್ವಾ?"

ಕೈ ತೊಳೆಯಲು ಏಳುವುದರೊಳಗೆ ಇದಕ್ಕೆ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ಊರಿನ ವಿಷಯ. ಕಾಸರಗೋಡು ಪೇಟೆ ಸಣ್ಣದು. 2011ರ ಜನಗಣತಿಯಲ್ಲಿ ನಗರಸಭೆಯ ಜನಸಂಖ್ಯೆ ಸುಮಾರು 54 ಸಾವಿರ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡದವರು, ಆಮೇಲೆ ಕೇರಳದವರು. ಜಿಲ್ಲೆ ಅಂತ ಆದದ್ದು 1984ರಲ್ಲಿ. ಸಪ್ತಭಾಷೆಗಳ ಊರು ಅಂತ ಸಭೆಗಳಲ್ಲಿ ಹೇಳುತ್ತಾರೆ. ಅದು ಬರೀ ಭಾಷಣದ ಮಾತಲ್ಲ. ನಮ್ಮ ಮನೆಯಲ್ಲಿ ಕನ್ನಡ, ತೋಟಕ್ಕೆ ಬರುವವರ ಜೊತೆ ತುಳು, ಪಕ್ಕದ ಮನೆಯ ಚೇಚಿಯ (ಅಕ್ಕನ) ಜೊತೆ ಮಲಯಾಳ, ಜವಳಿ ಅಂಗಡಿಯಲ್ಲಿ ಕೊಂಕಣಿ ಕಿವಿಗೆ ಬೀಳುತ್ತದೆ. ಇಂಥ ಊರಿನಲ್ಲಿ "ನಿಮ್ಮವರು ಯಾರು" ಅಂದರೆ ನಾನು ಗೆರೆ ಎಲ್ಲಿ ಎಳೆಯಲಿ?

ಹಾಗಾಗಿ ನನ್ನ ಪಟ್ಟಿಯಲ್ಲಿ ಎಲ್ಲರೂ ಇದ್ದಾರೆ. ನೀಲೇಶ್ವರದ ಕಾವ್ಯಾ ಮಾಧವನ್ ಇದ್ದಾರೆ. 1991ರಲ್ಲಿ ಬಾಲನಟಿಯಾಗಿ ಬಂದವರು, ಕೇರಳ ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಎರಡು ಸಲ ಪಡೆದವರು. ತಮಿಳಿನಲ್ಲಿ ಹೆಸರು ಮಾಡಿ ಆಮೇಲೆ ಮಲಯಾಳದಲ್ಲೂ ಗೆದ್ದ ಮಹಿಮಾ ನಂಬಿಯಾರ್ ಇದ್ದಾರೆ. ಇವರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತು.

ಕಾಸರಗೋಡು ಚಿನ್ನಾ ಅವರ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಸುಜೀರ್ ಶ್ರೀನಿವಾಸ ರಾವ್ ಅವರ ಹೆಸರು. ಮನೆಮಾತು ಕೊಂಕಣಿ. ನಾಟಕ ಮಾಡುತ್ತಾ ಬೆಳೆದವರು, ಕನ್ನಡ ಸಿನಿಮಾಗಳಲ್ಲಿ ನಟಿಸಿದವರು, 2011ರಲ್ಲಿ ಕೊಂಕಣಿಯಲ್ಲಿ 'ಉಜ್ವಾಡು' ಸಿನಿಮಾ ನಿರ್ದೇಶಿಸಿದವರು. ಸಿನಿಮಾದಲ್ಲಿ ಹೆಸರು ಬಂದ ಮೇಲೂ ಊರನ್ನು ಬಿಡಲಿಲ್ಲ. ರಂಗಚಿನ್ನಾರಿ ಅಂತ ಸಂಸ್ಥೆ ಕಟ್ಟಿ ಕಾಸರಗೋಡಿನಲ್ಲಿ ಕನ್ನಡದ ಕಾರ್ಯಕ್ರಮಗಳನ್ನು ಮಾಡುತ್ತಲೇ ಬಂದಿದ್ದಾರೆ. ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ತೆರೆಯ ಮೇಲೆ ಕಾಣಿಸಿಕೊಂಡರಲ್ಲ, ಅದು ನಮಗೆ ದೊಡ್ಡ ವಿಷಯ.

"ಮತ್ತೆ ಕನ್ನಡದಲ್ಲಿ ದೊಡ್ಡ ಹೀರೋ ಯಾಕೆ ಬರಲಿಲ್ಲ?" ಅಂತ ಕೆಲವರು ಮುಂದುವರಿಸುತ್ತಾರೆ.

ಇದಕ್ಕೆ ನನಗೆ ಕಾಣುವ ಕಾರಣ ಒಂದಿದೆ. ನಮ್ಮಲ್ಲಿ ಮಾತು ಬಲ್ಲವರು, ವೇಷ ಕಟ್ಟಬಲ್ಲವರು ಹೋಗಲು ಇಲ್ಲಿಯೇ ಒಂದು ಜಾಗ ಇತ್ತು. ಅದು ಯಕ್ಷಗಾನ. ಯಕ್ಷಗಾನದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ಇರುವುದು ಈ ಜಿಲ್ಲೆಯಲ್ಲಿ. ಹರಿಕಥೆಯಲ್ಲೂ, ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲೂ ದೊಡ್ಡ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ ಶೇಣಿ ಇಲ್ಲಿಯೇ. ಕೇಶವಾನಂದ ಭಾರತಿ ಸ್ವಾಮೀಜಿ ಅಂದರೆ ದೇಶಕ್ಕೆಲ್ಲ 1973ರ ಸುಪ್ರೀಂ ಕೋರ್ಟ್ ತೀರ್ಪು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಅಂದ ತೀರ್ಪು, ನೆನಪಾಗುತ್ತದೆ. ನಮಗೆ ಅವರು ಎಡನೀರು ಮಠದಲ್ಲಿ ಯಕ್ಷಗಾನವನ್ನು ಸಾಕಿದವರು, ತಾವೇ ಹಾಡುತ್ತಿದ್ದವರು. ಇಡೀ ರಾತ್ರಿ ಸಾವಿರ ಜನರನ್ನು ಕೂರಿಸಿಕೊಳ್ಳುವ ರಂಗ ಮನೆಯ ಹತ್ತಿರವೇ ಇರುವಾಗ, ಮುನ್ನೂರು ಕಿಲೋಮೀಟರಿಗಿಂತ ದೂರದ ಬೆಂಗಳೂರಿಗೋ ಕೊಚ್ಚಿಗೋ ಹೋಗಿ ಅವಕಾಶ ಕೇಳುತ್ತಾ ನಿಲ್ಲಬೇಕು ಅಂತ ಯಾರಿಗೆ ಅನ್ನಿಸೀತು?

ಇನ್ನೊಂದು ಕಾರಣ, ಸಿನಿಮಾದವರು ತುಂಬಾ ವರ್ಷ ನಮ್ಮ ಊರನ್ನು ನೋಡಲು ಬಂದರು, ನಮ್ಮ ಮಾತನ್ನು ಕೇಳಲು ಬರಲಿಲ್ಲ. 1995ರ 'ಬಾಂಬೆ' ಸಿನಿಮಾದ ಆ ಹಾಡು ನೆನಪಿದೆ ಅಲ್ವಾ, ಮಳೆ, ಕಪ್ಪು ಕಲ್ಲಿನ ಕೋಟೆ, ಕೆಳಗೆ ಅಪ್ಪಳಿಸುವ ಕಡಲು? ಅದು ನಮ್ಮ ಬೇಕಲ ಕೋಟೆ. 1650ರ ಹೊತ್ತಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಆ ಹಾಡಿನಿಂದ ದೇಶಕ್ಕೆಲ್ಲ ಕೋಟೆ ಗೊತ್ತಾಯಿತು. ಆದರೆ ಕೋಟೆಯ ಹೊರಗೆ ಮೀನು ಹೊತ್ತು ಹೋಗುವ ಅಕ್ಕ ಹೇಗೆ ಮಾತಾಡುತ್ತಾಳೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಮಲಯಾಳ ಸಿನಿಮಾಗಳಲ್ಲೂ ಹೀರೋ ಹೀರೋಯಿನ್ ಮಾತಾಡುತ್ತಿದ್ದದ್ದು ಹೆಚ್ಚಾಗಿ ಕೇರಳದ ತೆಂಕಣ, ನಡುನಾಡಿನ ಮಾತು. ನಮ್ಮ ಕಡೆ ನೀರಿಗೆ 'ವೆಳ್ಳಂ' ಅನ್ನುವುದನ್ನು 'ಬೆಳ್ಳಂ' ಅನ್ನುವವರಿದ್ದಾರೆ. ಕನ್ನಡ ತುಳುಗಳ ನೆರೆಯಲ್ಲಿ ಇದ್ದೂ ಇದ್ದೂ ವಕಾರ ಬಕಾರ ಆಗಿದೆ ಅಂತ ನನಗೆ ಅನ್ನಿಸುತ್ತದೆ. ಅಂಥ ಮಾತಿಗೆ ತೆರೆಯ ಮೇಲೆ ಜಾಗವೇ ಇರಲಿಲ್ಲ.

ಅದು ಬದಲಾದದ್ದು ನಮ್ಮ ಕಣ್ಣೆದುರೇ. 2017ರಲ್ಲಿ ದಿಲೀಶ್ ಪೋತ್ತನ್ ಅವರ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' ಬಂತು. ತೆಂಕಣದ ಒಂದು ಗಂಡಹೆಂಡತಿ ಬದುಕು ಹುಡುಕಿಕೊಂಡು ಕಾಸರಗೋಡಿಗೆ ಬರುತ್ತಾರೆ, ಬಸ್ಸಿನಲ್ಲಿ ಚಿನ್ನದ ಸರ ಕಳವಾಗುತ್ತದೆ. ಕಥೆಯ ಪೊಲೀಸ್ ಠಾಣೆ ಇರುವುದು ಶೇಣಿಯಲ್ಲಿ. ತಾಳಮದ್ದಳೆಯಿಂದಾಗಿ ನನಗೆ ಗೊತ್ತಿದ್ದ ಹೆಸರನ್ನು ಠಾಣೆಯ ಬೋರ್ಡಿನ ಮೇಲೆ ನೋಡಿ ಎದೆ ಜುಂ ಅಂದಿತು. ಪೊಲೀಸರ ಪಾತ್ರಗಳಲ್ಲಿ ನಿಜವಾದ ಪೊಲೀಸರೇ ಹಲವರು ನಟಿಸಿದರು. ಆ ಸಿನಿಮಾಕ್ಕೆ ಮೂರು ರಾಷ್ಟ್ರಪ್ರಶಸ್ತಿ ಬಂತು.

2022ರಲ್ಲಿ 'ನ್ನಾ ತಾನ್ ಕೇಸ್ ಕೊಡ್' ಬಂತು. ರಸ್ತೆ ಗುಂಡಿಯಿಂದ ಶುರುವಾಗಿ ಕೋರ್ಟಿನಲ್ಲಿ ನಡೆಯುವ ಕಥೆ. ಅದರಲ್ಲಿ ಜಡ್ಜ್ ಆದವರು ಪಿ. ಪಿ. ಕುಞಿಕೃಷ್ಣನ್. ಅವರು ಮೇಷ್ಟ್ರಾಗಿದ್ದವರು, ಈ ಜಿಲ್ಲೆಯಲ್ಲೇ ಪಂಚಾಯತ್ ಸದಸ್ಯರಾಗಿದ್ದವರು. ಆ ಪಾತ್ರಕ್ಕೆ ಅವರಿಗೆ ಕೇರಳ ರಾಜ್ಯ ಪ್ರಶಸ್ತಿ ಸಿಕ್ಕಿತು. ಪಂಚಾಯತ್ ಮೀಟಿಂಗಿನಲ್ಲಿ ಕೂತು ಕೂತು ಬಂದ ತಾಳ್ಮೆ ಆ ಜಡ್ಜ್ ಸಾಹೇಬರ ಮುಖದಲ್ಲಿ ಕಾಣುತ್ತದೆ. ನಟನೆ ಕಲಿತವರಿಗೂ ಅದು ಸುಲಭವಾಗಿ ಬರುವುದಿಲ್ಲ.

ಆದರೆ ನನ್ನ ಪಟ್ಟಿಯಲ್ಲಿ ನಾನು ದೊಡ್ಡ ಅಕ್ಷರದಲ್ಲಿ ಬರೆಯುವ ಹೆಸರು ಸೆನ್ನಾ ಹೆಗ್ಡೆ. ಕಾಞಂಗಾಡಿನವರು. ನಮ್ಮ ಹಳಬರು ಈಗಲೂ ಹೊಸದುರ್ಗ ಅನ್ನುವ ಊರು. ಅವರು 2018ರಲ್ಲಿ ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದರು, ದಿಗಂತ್ ಹೀರೋ. ಮೆಲುದನಿಯ, ಚಂದದ ಸಿನಿಮಾ. ಆಮೇಲೆ ತಮ್ಮ ಊರಿಗೇ ವಾಪಸ್ ಬಂದು, ಊರಿನ ಮಾತಿನಲ್ಲೇ 'ತಿಂಗಳಾಳ್ಚ ನಿಶ್ಚಯಂ' ಮಾಡಿದರು. ಅಂದರೆ ಸೋಮವಾರ ನಿಶ್ಚಿತಾರ್ಥ. ಒಂದು ಮನೆ. ಕುವೈತಿನಿಂದ ಬಂದು ನೆಲೆಸಿದ ಅಪ್ಪ, ತನ್ನ ಮಾತೇ ನಡೆಯಬೇಕು ಅನ್ನುವವನು. ನಾಳೆ ಮಗಳ ನಿಶ್ಚಿತಾರ್ಥ. ಮಗಳಿಗೆ ಮನಸ್ಸಿಲ್ಲ. ಅಷ್ಟೇ ಕಥೆ. ದೊಡ್ಡ ನಟರು ಒಬ್ಬರೂ ಇಲ್ಲ. ಅದಕ್ಕೆ ಮಲಯಾಳದ ಅತ್ಯುತ್ತಮ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿ ಬಂತು. ಕೇರಳ ಸರ್ಕಾರದ ಪ್ರಶಸ್ತಿಯಲ್ಲಿ ಎರಡನೇ ಅತ್ಯುತ್ತಮ ಸಿನಿಮಾ, ಜೊತೆಗೆ ಕಥೆಗೂ ಪ್ರಶಸ್ತಿ.

ಇವರನ್ನು ನೀವು ಏನೆಂದು ಕರೆಯುತ್ತೀರಿ? ಹೆಸರು ಹೆಗ್ಡೆ. ಕನ್ನಡದಲ್ಲಿ ಸಿನಿಮಾ ಮಾಡಿದವರು. ರಾಷ್ಟ್ರಪ್ರಶಸ್ತಿ ಬಂದದ್ದು ಮಲಯಾಳಕ್ಕೆ. "ಅವರೆಲ್ಲ ಮಲಯಾಳಿಗಳಲ್ವಾ" ಅನ್ನುವ ಪ್ರಶ್ನೆ ಇಲ್ಲಿಗೆ ಬಂದು ನಿಂತುಬಿಡುತ್ತದೆ. ಅವರು ನಮ್ಮವರು. ಅಷ್ಟೇ ನನ್ನ ಉತ್ತರ.

ಅದೇ 2018ರ ಆಗಸ್ಟ್‌ನಲ್ಲಿ ಇನ್ನೊಂದು ಸಿನಿಮಾ ಬಂತು. ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ'. ಹೆಸರಿನಲ್ಲೇ ನಮ್ಮೂರು. ಅದನ್ನು ನೋಡಲು ಮಂಗಳೂರಿಗೆ ಹೋಗಿದ್ದೆವು. ಮುಚ್ಚಲು ಹೊರಟ ಕನ್ನಡ ಶಾಲೆಯನ್ನು ಮಕ್ಕಳೇ ಉಳಿಸಿಕೊಳ್ಳುವ ಕಥೆ. ಕನ್ನಡ ಗೊತ್ತಿಲ್ಲದ ಮೇಷ್ಟ್ರು ತರಗತಿಗೆ ಬರುವ ಭಾಗ ಬಂದಾಗ ಥಿಯೇಟರಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮಗೆ ಒಂದು ವರ್ಷ ಗಣಿತಕ್ಕೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಒಳ್ಳೆಯವರು. ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ನೋಡಿ ಬರೆದುಕೊಳ್ಳುತ್ತಿದ್ದೆವು. 'ಯಾಕೆ ಹೀಗೆ' ಅಂತ ಕೇಳಲು ನಮಗೆ ಮಲಯಾಳ ಸಾಲುತ್ತಿರಲಿಲ್ಲ, ಹೇಳಲು ಅವರಿಗೆ ಕನ್ನಡ ಇರಲಿಲ್ಲ. ಆ ವರ್ಷ ಕೈ ತಪ್ಪಿದ ಬೀಜಗಣಿತ ನನಗೆ ಆಮೇಲೂ ಸರಿಯಾಗಿ ಸಿಗಲಿಲ್ಲ. ಕನ್ನಡ ಮಕ್ಕಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕೊಡಬೇಡಿ ಅಂತ ಕಾಸರಗೋಡಿನಲ್ಲಿ ಇವತ್ತಿಗೂ ತಂದೆತಾಯಂದಿರು ಧರಣಿ ಕೂರುತ್ತಾರೆ. ಆ ಸಿನಿಮಾ ಬಂದ ಮೇಲೆ ಬೆಂಗಳೂರಿನವರಿಗೆ ಇದನ್ನು ಮೊದಲಿನಿಂದ ವಿವರಿಸುವ ಕೆಲಸ ಇಲ್ಲ. ಅದಕ್ಕಾಗಿ ನಾನು ಆ ತಂಡಕ್ಕೆ ಯಾವತ್ತೂ ಋಣಿ. ಅತ್ಯುತ್ತಮ ಮಕ್ಕಳ ಚಿತ್ರ ಅಂತ ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಅದರಲ್ಲಿ ಮಕ್ಕಳ ಪರವಾಗಿ ನಿಲ್ಲುವ ಪಾತ್ರ ಅನಂತ್ ನಾಗ್ ಅವರದು. ಅವರು ನಮ್ಮೂರಿನವರಲ್ಲ. ಆದರೆ ಬಾಲ್ಯದಲ್ಲಿ ಕೆಲವು ಕಾಲ ಕಾಞಂಗಾಡಿನ ಆನಂದಾಶ್ರಮದಲ್ಲಿ ಇದ್ದು ಓದಿದವರು. ಹೊಸದುರ್ಗದಲ್ಲೇ ಹುಟ್ಟಿದ ಸ್ವಾಮಿ ರಾಮದಾಸರು 1931ರಲ್ಲಿ ಕಟ್ಟಿದ ಆಶ್ರಮ ಅದು. ಅನಂತ್ ನಾಗ್ ತೀರಾ ಚಿಕ್ಕ ಹುಡುಗನಾಗಿದ್ದ ಕಾಲಕ್ಕೆ ಕಾಸರಗೋಡಿನ ನೆಲ ದಕ್ಷಿಣ ಕನ್ನಡದ್ದೇ. ಆ ಹುಡುಗ ಎಪ್ಪತ್ತರ ಹೊತ್ತಿಗೆ ಕಾಸರಗೋಡಿನ ಕನ್ನಡ ಶಾಲೆಯ ಪರವಾಗಿ ತೆರೆಯ ಮೇಲೆ ವಾದ ಮಾಡಿದ್ದನ್ನು ನೋಡುವಾಗ ನನಗೆ ಕಣ್ಣು ತುಂಬಿತು.

ಈ ಸಿನಿಮಾದ ಬಗ್ಗೆ ನನ್ನದೊಂದು ಕೊರಗನ್ನೂ ಹೇಳಬೇಕು. ಪ್ರೀತಿ ಇರುವುದರಿಂದಲೇ ಹೇಳುತ್ತಿದ್ದೇನೆ. ಅದರ ಶಾಲೆ ಚಿತ್ರೀಕರಣವಾದದ್ದು ಗಡಿಯ ಆಚೆ, ದಕ್ಷಿಣ ಕನ್ನಡ ಜಿಲ್ಲೆಯ ಕೈರಂಗಳದಲ್ಲಿ. ಅಲ್ಲಿಯ ಶಾಲೆಗೆ ಅದರಿಂದ ಒಳ್ಳೆಯದೇ ಆಯಿತು, ಆ ಶಾಲೆಯನ್ನು ರಿಷಬ್ ದತ್ತು ತೆಗೆದುಕೊಂಡರು. ಆದರೆ ಅದರ ಮಕ್ಕಳು ಹೆಚ್ಚಾಗಿ ಮಾತಾಡುವುದು ಮಂಗಳೂರು ಕಡೆಯ ಕನ್ನಡ. ನಮ್ಮದಕ್ಕೆ ಹತ್ತಿರ, ಆದರೆ ನಮ್ಮದಲ್ಲ. ನಮ್ಮ ಹುಡುಗರು ಒಂದೇ ವಾಕ್ಯದಲ್ಲಿ ಮೂರು ಭಾಷೆ ದಾಟುತ್ತಾರೆ. ಬದಿಯಡ್ಕದಲ್ಲಿ ಬಸ್ಸು ಹತ್ತಿದಾಗ ಇರುವ ಮಾತು ಚೆರ್ಕಳದಲ್ಲಿ ಇಳಿಯುವಾಗ ಇರುವುದಿಲ್ಲ. ಜಗಳಕ್ಕೆ ಮಲಯಾಳ, ಗುಟ್ಟಿಗೆ ತುಳು, ಪರೀಕ್ಷೆಗೆ ಕನ್ನಡ. ಆ ಕನ್ನಡವನ್ನು ಯಾರೂ ಇನ್ನೂ ದೊಡ್ಡ ತೆರೆಯ ಮೇಲೆ ಪೂರ್ತಿಯಾಗಿ ಆಡಿಸಿಲ್ಲ.

ಸೆನ್ನಾ ಹೆಗ್ಡೆ ಕಾಞಂಗಾಡಿನ ಮಲಯಾಳಕ್ಕೆ ಮಾಡಿದ್ದನ್ನು ಯಾರಾದರೂ ಕಾಸರಗೋಡಿನ ಕನ್ನಡಕ್ಕೆ ಮಾಡಬೇಕು. ಅದಕ್ಕೆ ಕೋಟೆ ಬೇಡ, ಸ್ಟಾರ್ ಬೇಡ. ಮಾತಾಡಲು ಬರುವ ಜನ ಬೇಕು, ಅವರು ಇಲ್ಲಿ ಬೇಕಾದಷ್ಟಿದ್ದಾರೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಮೇಷ್ಟ್ರುಗಳಿದ್ದಾರೆ. ಪಂಚಾಯತ್ ಮೆಂಬರು ಜಡ್ಜ್ ಆಗಿ ಪ್ರಶಸ್ತಿ ತರುವುದಾದರೆ ಇವರು ಯಾಕೆ ಆಗಬಾರದು?

ಅಮ್ಮನ ಜೊತೆ ಕೂತು 'ತಿಂಗಳಾಳ್ಚ ನಿಶ್ಚಯಂ' ನೋಡಿದ ದಿನದ ಮಾತು ಇದು. ಅಮ್ಮನಿಗೆ ಪುಸ್ತಕದ ಮಲಯಾಳ ಬರುವುದಿಲ್ಲ, ವಾರ್ತೆ ಓದಿದರೆ ಅರ್ಧ ತಿಳಿಯುತ್ತದೆ. ಇದನ್ನು ಮಾತ್ರ ಪಕ್ಕದ ಮನೆಯ ಮಾತು ಕೇಳುವ ಹಾಗೆ ಕೇಳಿದರು. ನಿಶ್ಚಿತಾರ್ಥದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಗಲಾಟೆ ಮಾಡುವಾಗ ನನಗಿಂತ ಮೊದಲು ನಕ್ಕರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು.

"ಕನ್ನಡದಲ್ಲಿ ಇಂಥದ್ದು ಉಂಟಾ?" ಅಂತ ಕೇಳಿದರು.

"ಇನ್ನೂ ಇಲ್ಲ ಅಮ್ಮ" ಅಂದೆ.

"ಮಾಡುವವರು ಬಂದರೆ ನಮ್ಮ ಅಂಗಳ ಕೊಡುವ. ಅಡಕೆ ಒಣಗಿಸುವ ಸಮಯದಲ್ಲಿ ಮಾತ್ರ ಬೇಡ ಅಂತ ಹೇಳು" ಅಂದರು.