ಟ್ರ್ಯಾಕ್ ಡೇಗೆ ಸೆಡಾನ್: ಮೊದಲು ಬ್ರೇಕ್, ಆಮೇಲೆ ವೇಗ

ಸ್ಪೋರ್ಟ್ಸ್ ಸೆಡಾನ್ ಅಂದಕೂಡಲೇ ಮಾತೆಲ್ಲ ಎಂಜಿನ್ ಸುತ್ತಲೇ. ಟ್ರ್ಯಾಕ್ ಡೇ ಅಂದರೆ ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಅಲ್ಲಿ ಇಳಿದ ಮೇಲೆ ಮೊದಲು ಕೈಕೊಡುವುದು ಮಾತ್ರ ಬ್ರೇಕು. ಇವು ಸುಮಾರು 1,500ರಿಂದ 1,700 ಕೆ.ಜಿ. ತೂಗುವ ಗಾಡಿಗಳು. ಚಲನಶಕ್ತಿಯೋ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಿಸುವುದಕ್ಕಿಂತ 160ರಿಂದ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಾಖ ಎರಡೂವರೆ ಪಟ್ಟು. ರಸ್ತೆಯಲ್ಲಿ ಹಾಗೆ ಒತ್ತುವುದು ಯಾವಾಗಲೋ ಒಮ್ಮೆ. ಟ್ರ್ಯಾಕಿನಲ್ಲಿ ಪ್ರತಿ ಲ್ಯಾಪಿಗೂ ಹಲವು ಸಲ, ಆರಲು ಪುರುಸೊತ್ತೇ ಕೊಡದೆ.

ಹಾಗಾಗಿ ದುಡ್ಡು ಹಾಕುವುದಿದ್ದರೆ ಎಕ್ಸಾಸ್ಟಿಗೆ ಬೇಡ, ಬ್ರೇಕ್ ಆಯಿಲಿಗೆ ಹಾಕಿ. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ; ಹೊಸ ಡಾಟ್ 4 ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಆದರೆ ಅದು ಗಾಳಿಯ ತೇವ ಹೀರುವ ದ್ರವ. ನೀರಿನಂಶ ಸೇರಿದ ಹಳೆಯ ಆಯಿಲಿಗೆ ಈ ಮಿತಿ 155. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ, ಕಾಲು ಒತ್ತಿದ್ದೆಲ್ಲ ಗುಳ್ಳೆ ಅದುಮುವುದಕ್ಕೇ ಹೋಗುತ್ತದೆ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಟ್ರ್ಯಾಕ್ ದಿನಕ್ಕೆ ಮುಂಚೆ ನಾಲ್ಕೂ ಚಕ್ರ ಬ್ಲೀಡ್ ಮಾಡಿಸಿ, ಅಂದರೆ ಪೈಪಿನಲ್ಲಿರುವ ಹಳೆಯ ಆಯಿಲನ್ನೂ ಗುಳ್ಳೆಯನ್ನೂ ಹೊರಹಾಕಿಸಿ, ಹೊಸ ಆಯಿಲ್ ತುಂಬಿಸಿ. ಡಾಟ್ 5.1 ಆದರೆ ಇನ್ನೂ ಒಳ್ಳೆಯದು, ಅದರ ಅಂಕಿ 260. ಡಾಟ್ 5 ಮಾತ್ರ ಸಿಲಿಕೋನ್ ಜಾತಿಯದು, ಇವುಗಳ ಜತೆ ಬೆರೆಸಲೇಬಾರದು.

ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸೋತರೆ ಲಕ್ಷಣವೇ ಬೇರೆ: ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ನಿಲ್ಲುವುದಿಲ್ಲ, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯದೆ ಸೀದಾ ದೊಡ್ಡ ಡಿಸ್ಕ್ ಹಾಕಿಸುವುದು ದಂಡ. ಅರ್ಧಕ್ಕಿಂತ ಹೆಚ್ಚು ಸವೆದ ಪ್ಯಾಡಿನಲ್ಲಿ ಟ್ರ್ಯಾಕಿಗೆ ಹೋಗಬೇಡಿ. ಪ್ಯಾಡ್ ತೆಳುವಾದಷ್ಟೂ ಶಾಖ ಅದನ್ನು ಒತ್ತುವ ಕ್ಯಾಲಿಪರಿಗೆ, ಅಲ್ಲಿಂದ ಆಯಿಲಿಗೆ ಬೇಗ ದಾಟುತ್ತದೆ. ಪೆಡಲ್ ಒಳಗೆ ಹೋಗತೊಡಗಿದರೆ ಪಟಪಟ ಪಂಪ್ ಮಾಡಿ, ಗೇರ್ ಇಳಿಸಿ. ಆಮೇಲೆ ‘ಇನ್ನೊಂದೇ ಲ್ಯಾಪ್’ ಅನ್ನುವ ಆಸೆ ಬೇಡ, ನಿಧಾನವಾಗಿ ಪಿಟ್ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗ) ಸೇರಿ.

ಸೆಷನ್ನಿನ ಕೊನೆಯ ಲ್ಯಾಪು ಬ್ರೇಕ್ ಆದಷ್ಟೂ ಮುಟ್ಟದೆ ಓಡಿಸುವ ಲ್ಯಾಪು, ಡಿಸ್ಕಿಗೆ ಗಾಳಿ ತಾಗಲೆಂದು. ಪಿಟ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬ್ರೇಕ್ ಪೆಡಲ್ ಒತ್ತಿಕೊಂಡೂ ನಿಲ್ಲಬೇಡಿ. ಕಾದ ಪ್ಯಾಡ್ ಡಿಸ್ಕಿನ ಒಂದೇ ಜಾಗಕ್ಕೆ ಕಚ್ಚಿದರೆ ಅಲ್ಲಿ ಪ್ಯಾಡಿನ ಪದರ ಅಂಟಿ, ಮುಂದೆ ಪ್ರತಿ ಬ್ರೇಕಿಗೂ ಸ್ಟೇರಿಂಗ್ ನಡುಗುತ್ತದೆ. ಗೇರಿನಲ್ಲಿ ಅಥವಾ ‘ಪಿ’ಯಲ್ಲಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟರೆ ಸಾಕು.

ಇನ್ನು ಕಾಲಿನ ಕೆಲಸ. ಹೊಸಬರು ಮೊದಲು ಮೆಲ್ಲಗೆ ಒತ್ತಿ, ತಿರುವು ಹತ್ತಿರ ಬಂದಂತೆ ಗಾಬರಿಯಿಂದ ಜೋರು ಮಾಡುತ್ತಾರೆ. ಸ್ಟೇರಿಂಗ್ ತಿರುಗಿಸುವ ಹೊತ್ತಿಗೆ ಭಾರವೆಲ್ಲ ಮುಂದಕ್ಕೆ ವಾಲಿ ಹಿಂಬದಿ ಹಗುರವಾಗಿರುತ್ತದೆ. ಗಾಡಿ ಸುತ್ತಿಕೊಳ್ಳಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಮಾಡಬೇಕಾದ್ದು ಉಲ್ಟಾ. ನೇರ ದಾರಿಯಲ್ಲೇ ಗಟ್ಟಿಯಾಗಿ ಒತ್ತಿ, ವೇಗ ಇಳಿದಂತೆ ಪೆಡಲನ್ನು ಹಂತಹಂತವಾಗಿ ಬಿಡುತ್ತಾ ತಿರುವಿನೊಳಗೆ ಹೋಗಿ. ಈ ಬಿಡುವ ಕಲೆಯೇ ನಿಜವಾದ ಪಾಠ, ಒತ್ತುವುದು ಯಾರಿಗಾದರೂ ಬರುತ್ತದೆ. ಶುರುವಿನಲ್ಲಿ ನಿಮ್ಮ ಬ್ರೇಕಿಂಗ್ ಗುರುತು ಅಗತ್ಯಕ್ಕಿಂತ ಬಹಳ ಮೊದಲೇ ಇರಲಿ. ಎಪೆಕ್ಸ್, ಅಂದರೆ ತಿರುವಿನ ಒಳ ಅಂಚಿಗೆ ಗಾಡಿ ಅತಿ ಹತ್ತಿರವಾಗುವ ಜಾಗ, ಸ್ವಲ್ಪ ತಡವಾಗಿಯೇ ಮುಟ್ಟಿ. ಹೊರಬರುವಾಗ ಜಾಗ ಉಳಿದಿರುತ್ತದೆ.

ಮೂತಿ ಹೊರಗೆ ಜಾರಿದರೆ ಸ್ಟೇರಿಂಗ್ ಇನ್ನಷ್ಟು ತಿರುಗಿಸಿ ಪ್ರಯೋಜನವಿಲ್ಲ. ಮುಂದಿನ ಟೈರಿನ ಹಿಡಿತ ಆಗಲೇ ಮುಗಿದಿದೆ. ಸ್ವಲ್ಪ ಸಡಿಲಿಸಿ, ಆಕ್ಸಿಲರೇಟರ್ ನಿಧಾನವಾಗಿ ಇಳಿಸಿ. ಒಮ್ಮೆಲೇ ಕಾಲು ಎತ್ತಿದಿರೋ, ಈಗ ಹಿಂಬದಿ ಜಾರುವ ಸರದಿ.

ಇಎಸ್‌ಪಿ (ಗಾಡಿ ಜಾರದಂತೆ ತಾನೇ ಹಿಡಿಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಆಫ್ ಮಾಡುವ ಶೋಕಿ ಸದ್ಯಕ್ಕೆ ಬೇಡ. ಅದು ಗಾಡಿ ಹಿಡಿಯುವುದೂ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿಯೇ. ಒಂದು ತಿರುವಿನಲ್ಲಿ ಪ್ರತಿ ಸಲವೂ ಅದರ ದೀಪ ಮಿಣುಕುತ್ತಿದ್ದರೆ ಅಲ್ಲಿ ಒರಟಾಗಿ ಓಡಿಸುತ್ತಿದ್ದೀರಿ, ನಿಮಗೇ ಗೊತ್ತಿಲ್ಲದೆ ಪ್ಯಾಡ್ ಕಾಯಿಸುತ್ತಿದ್ದೀರಿ ಎಂದರ್ಥ.

ಟೈರಿನ ಗಾಳಿಯನ್ನು ಪಿಟ್ಟಿಗೆ ಬಂದ ತಕ್ಷಣ, ಬಿಸಿಯಲ್ಲೇ ನೋಡಿ. ತಣ್ಣಗಿದ್ದಾಗ ಇದ್ದದ್ದಕ್ಕಿಂತ 6ರಿಂದ 8 ಪಿಎಸ್‌ಐ ಏರಿರುವುದು ಸಾಮಾನ್ಯ. ಏರಿದ್ದನ್ನು ಸ್ವಲ್ಪ ಇಳಿಸಿ, ಸುತ್ತು ತಿರುವಿನ ಹೊರಬದಿಯ ಟೈರುಗಳನ್ನು ವಿಶೇಷವಾಗಿ ಗಮನಿಸಿ. ತುಂಬಾ ಇಳಿಸಿದರೆ ಟೈರಿನ ಪಕ್ಕ ಮಡಚಿ ಭುಜ ಸವೆಯುತ್ತದೆ. ಪಕ್ಕಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದರೆ ಎಲ್ಲಿಯವರೆಗೆ ಅಳಿಸಿದೆ ಎಂದು ಕಾಣುತ್ತದೆ.

ಮನೆಗೆ ಹೊರಡುವ ಮುಂಚೆ ಚಕ್ರ ಆರಲು ಬಿಟ್ಟು ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಮ್ಯಾನುಯಲ್ ಹೇಳಿದ ಅಳತೆಗೆ ಬಿಗಿ ಮಾಡಿ, ಎಂಜಿನ್ ಆಯಿಲ್ ಮಟ್ಟ ನೋಡಿ, ಗಾಳಿಯನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಗೆ ವಾಪಸ್ ತುಂಬಿಸಿ. ಗೇಟು ದಾಟುವ ಮೊದಲು ಪೆಡಲ್ ಒಮ್ಮೆ ಗಟ್ಟಿಯಾಗಿ ಒತ್ತಿ ನೋಡಿ. ಬೆಳಗ್ಗೆಗಿಂತ ಆಳಕ್ಕೆ ಹೋದರೆ ಅಲ್ಲೇ ಬ್ಲೀಡ್ ಮಾಡಿಕೊಂಡು ಹೊರಡಿ.