ಚಳಿಗಾಲದಲ್ಲಿ ಚೆಸಿಲ್ ಬೀಚಿಗೆ ಗಾಳ ಹಾಕಲು ಗುಂಪಾಗಿ ಹೋಗುವುದಾದರೆ ಏನೇನು ಬೇಕು?

ನವೆಂಬರ್ ಹುಟ್ಟಿತೆಂದರೆ ಇಂಗ್ಲೆಂಡಿನಲ್ಲಿರುವ ಕನ್ನಡದ ಗೆಳೆಯರಿಂದ ಈ ಪ್ರಶ್ನೆ ಶುರು: "ಸಾರ್, ನಾವು ಏಳೆಂಟು ಜನ ಸೇರಿ ಚೆಸಿಲ್ ಬೀಚಿಗೆ ಗಾಳ ಹಾಕೋಕೆ ಹೋಗ್ತಿದ್ದೀವಿ, ಎಂಥ ರಾಡ್ ತಗೊಳ್ಳೋಣ?" ರಾಡಿನ ಮಾತು ಆಮೇಲೆ. ಮೊದಲು ಕಲ್ಲು ನೋಡಿ, ಅಲೆ ನೋಡಿ. ಈ ದಂಡೆಯಲ್ಲಿ ಏನೇ ಕೆಟ್ಟರೂ ಅದಕ್ಕೆ ಕಾರಣ ಬಹುಪಾಲು ಆ ಕಲ್ಲಿನ ಇಳಿಜಾರೇ. ಅದು ಅರ್ಥವಾದರೆ ಯಾವ ರಾಡ್, ಎಷ್ಟು ಭಾರ, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಚೆಸಿಲ್ ಇರುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನಲ್ಲಿ. ಪಶ್ಚಿಮದ ವೆಸ್ಟ್ ಬೇಯಿಂದ ಪೋರ್ಟ್‌ಲ್ಯಾಂಡ್‌ವರೆಗೆ ಸುಮಾರು 29 ಕಿಲೋಮೀಟರ್ ಉದ್ದದ ಗುಂಡುಕಲ್ಲಿನ ದಿಬ್ಬ. ಹೆಚ್ಚಿನವು ಚೆಕುಮುಕಿ ಜಾತಿಯ ಕಲ್ಲು. ಅಲೆ ಇವನ್ನು ಸಾವಿರಾರು ವರ್ಷ ಜರಡಿ ಹಿಡಿದಿದೆ: ವೆಸ್ಟ್ ಬೇ ಕಡೆ ಬಟಾಣಿ ಕಾಳಿನಷ್ಟು, ನಡುವಿನ ಆಬಟ್ಸ್‌ಬರಿ ಹಳ್ಳಿಯ ಹತ್ತಿರ ಅದಕ್ಕಿಂತ ದಪ್ಪ, ಪೋರ್ಟ್‌ಲ್ಯಾಂಡ್ ಕಡೆ ಆಲೂಗಡ್ಡೆ ಗಾತ್ರ. ಕತ್ತಲಲ್ಲಿ ದಡ ಸೇರಿದ ದೋಣಿಯವರು ಕಲ್ಲನ್ನು ಕೈಯಲ್ಲಿ ಹಿಡಿದೇ ತಾವೆಲ್ಲಿದ್ದೇವೆಂದು ಹೇಳುತ್ತಿದ್ದರು ಎಂಬ ಮಾತು ಅಲ್ಲಿ ಹಳೆಯದು. ಆ ಕಲ್ಲನ್ನು ನೆನಪಿಗೆಂದು ಜೇಬಿಗೆ ಹಾಕಿಕೊಂಡು ಬರಬೇಡಿ, ಅದಕ್ಕೆ ಅನುಮತಿ ಇಲ್ಲ.

ಮಲ್ಪೆಯಂಥ ಮರಳಿನ ದಡದಲ್ಲಿ ಅಲೆ ದೂರದಲ್ಲೇ ಮುರಿದು, ಶಕ್ತಿ ಕಳೆದುಕೊಂಡು, ಪಾದದ ಹತ್ತಿರ ಬರುವಷ್ಟರಲ್ಲಿ ನೊರೆಯಾಗಿರುತ್ತದೆ. ಚೆಸಿಲ್‌ನಲ್ಲಿ ಹಾಗಿಲ್ಲ. ದಂಡೆ ಕಡಿದಾಗಿ ನೀರಿಗೆ ಇಳಿಯುತ್ತದೆ, ಕೆಲವೇ ಹೆಜ್ಜೆಗೆ ಆಳ. ಅಲೆ ತನ್ನ ಪೂರ್ತಿ ತೂಕದೊಡನೆ ಕಾಲ ಬುಡದಲ್ಲೇ ಬಂದು ಬೀಳುತ್ತದೆ. ವಾಪಸಾಗುವಾಗ ನಿಂತವರ ಕಾಲಡಿಯ ಕಲ್ಲುಗಳನ್ನೂ ಎಳೆದುಕೊಂಡು ಹೋಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತರೂ ನೆಲವೇ ಜಾರಿದಂತಾಗುತ್ತದೆ, ಮೇಲೆ ಹತ್ತಲು ಹೊರಟರೆ ಒಂದು ಹೆಜ್ಜೆಗೆ ಅರ್ಧ ಹೆಜ್ಜೆ ಹಿಂದಕ್ಕೆ. ಆದ್ದರಿಂದ ಇಲ್ಲಿ ನೀರಿಗೆ ಇಳಿಯಲೇಬಾರದು. ಎದೆಮಟ್ಟದ ವೇಡರ್ಸ್, ಅಂದರೆ ನೀರಿಗಿಳಿಯಲು ತೊಡುವ ಬೂಟುಸಮೇತದ ಉಡುಪು, ಇದ್ದರೆ ಮನೆಯಲ್ಲೇ ಬಿಡಿ. ಅದು ಕಾಲಲ್ಲಿದ್ದರೆ ಇಳಿಯುವ ಧೈರ್ಯ ಬರುತ್ತದೆ, ಅದೇ ಅಪಾಯ.

ಗಾಳಿ ಇಲ್ಲದ ದಿನವೂ ಅಲೆ ದೊಡ್ಡದಿರಬಹುದು. ಅಟ್ಲಾಂಟಿಕ್‌ನಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಉಬ್ಬಲೆ ಎರಡು ದಿನ ಬಿಟ್ಟು ಇಲ್ಲಿ ಬಂದು ಬಡಿಯುತ್ತದೆ. ಕೇರಳದವರು ಕಳ್ಳಕ್ಕಡಲ್ ಎನ್ನುವುದೂ, ನಮ್ಮ ಕರಾವಳಿಗೂ ಆಗಾಗ ಎಚ್ಚರಿಕೆ ಬರುವುದೂ ಇಂಥದ್ದೇ ದೂರದ ಅಲೆಗೆ. ಅದಕ್ಕೇ ಹವಾಮಾನ ವರದಿಯಲ್ಲಿ ಗಾಳಿಯೊಂದನ್ನೇ ನೋಡಿದರೆ ಸಾಲದು, ಅಲೆಯ ಎತ್ತರ ಮತ್ತು ಅವಧಿ, ಅಂದರೆ ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸೆಕೆಂಡು, ಎರಡನ್ನೂ ನೋಡಿ. ಚೆಸಿಲ್ ಎದುರಿಗೇ ಅಲೆ ಅಳೆಯುವ ತೇಲುಬುರುಡೆ ಇದೆ, ಚಾನೆಲ್ ಕೋಸ್ಟಲ್ ಅಬ್ಸರ್ವೇಟರಿಯ ತಾಣದಲ್ಲಿ ಅದರ ಲೆಕ್ಕ ಸಿಗುತ್ತದೆ. ಎತ್ತರ 1 ಮೀಟರ್ ಮೀರಿ, ಅವಧಿಯೂ 10 ಸೆಕೆಂಡ್ ಮೀರಿದ್ದರೆ ಹೊಸಬರ ಗುಂಪು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಡಿಗೆ ಕಾರಿಗೆ ದುಡ್ಡು ಕಟ್ಟಿದ್ದರೂ ಸರಿಯೇ. 1824ರ ನವೆಂಬರ್‌ನಲ್ಲಿ ಇದೇ ಸಮುದ್ರ ದಿಬ್ಬವನ್ನೇ ದಾಟಿ ಬಂದು ಅದರ ಹಿಂದಿರುವ ಫ್ಲೀಟ್ ಹಳ್ಳಿಯ ಚರ್ಚನ್ನು ಕೆಡವಿತ್ತು.

ಹಾಗಾದರೆ ಒಳ್ಳೆಯ ದಿನ ಯಾವುದು? ದಂಡೆ ನೈಋತ್ಯಕ್ಕೆ ಮುಖ ಮಾಡಿದೆ, ಹಾಗಾಗಿ ಉತ್ತರ ಅಥವಾ ಪೂರ್ವದ ಗಾಳಿ ಬೆನ್ನಿಗೆ ಬರುತ್ತದೆ, ನೀರು ಶಾಂತವಾಗಿರುತ್ತದೆ. ನೈಋತ್ಯದ ಬಿರುಗಾಳಿ ಬೀಸಿ ಹೋಗಿ, ಅಲೆ ಇಳಿದು, ನೀರಿನಲ್ಲಿ ಇನ್ನೂ ಕದಡಿದ ಬಣ್ಣ ಉಳಿದಿರುವ ದಿನವಂತೂ ಬಿಡಬಾರದು. ಕದಡಿದ ನೀರಿನಲ್ಲಿ ಮೀನು ದಡಕ್ಕೆ ಬಂದು ಮೇಯುತ್ತದೆ. ಚಳಿಗಾಲದಲ್ಲೇ ಯಾಕೆ ಎನ್ನುವವರಿಗೂ ಇಲ್ಲೇ ಉತ್ತರವಿದೆ: ಕಾಡ್ ಜಾತಿಯ ವೈಟಿಂಗ್ ಮೀನು ಚಳಿಗಾಲದಲ್ಲಿ ದಡದ ಹತ್ತಿರ ಬರುತ್ತದೆ, ಅದೂ ಕತ್ತಲಾದ ಮೇಲೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಎರಡೂವರೆಗೆ ತಲುಪಿ, ಬೆಳಕಿರುವಾಗಲೇ ಜಾಗ ನೋಡಿ ಸಾಮಾನು ಜೋಡಿಸಿ, ನಾಲ್ಕರಿಂದ ಎಂಟರವರೆಗೆ ಗಾಳ ಹಾಕಿ ಮನೆಗೆ ಹೊರಡಬಹುದು. ಆ ಹೊತ್ತಿನಲ್ಲಿ ಸಮುದ್ರದ ಭರತ ಬರುವ ದಿನ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ವೈಟಿಂಗ್ ಜೊತೆಗೆ ಪೌಟಿಂಗ್, ಡ್ಯಾಬ್ ಎಂಬ ಚಪ್ಪಟೆ ಮೀನು, ಡಾಗ್‌ಫಿಶ್ ಎಂಬ ಸಣ್ಣ ಶಾರ್ಕ್, ಅಪರೂಪಕ್ಕೆ ತೊರಕೆ ಸಿಗುತ್ತವೆ. ಕಾಡ್ ಮೀನಿನ ಆಸೆಯಲ್ಲೇ ಹೋಗುವುದಾದರೆ ಬೇಡ, ಇಂಗ್ಲಿಷ್ ಕಾಲುವೆಯಲ್ಲಿ ಅದು ಈಗ ತೀರಾ ಕಡಿಮೆಯಾಗಿದೆ.

ಈಗ ರಾಡ್. ಬೀಚ್‌ಕಾಸ್ಟರ್ ಎಂದೇ ಮಾರುವ 12ರಿಂದ 13 ಅಡಿಯದು, 4ರಿಂದ 6 ಔನ್ಸ್ ಭಾರ, ಅಂದರೆ ದಾರದ ತುದಿಗೆ ಕಟ್ಟುವ ಸೀಸದ ಗುಂಡು, ಎಸೆಯಬಲ್ಲದ್ದು. ಹೊಸಬರಿಗೆ ಫಿಕ್ಸೆಡ್ ಸ್ಪೂಲ್ ರೀಲೇ ಸರಿ, ಎಸೆಯುವಾಗ ಅದರ ದಾರದುರುಳೆ ತಿರುಗುವುದಿಲ್ಲ. ಉರುಳೆಯೇ ತಿರುಗುವ ಮಲ್ಟಿಪ್ಲೈಯರ್ ರೀಲಿನಲ್ಲಿ ಬೆರಳಿನ ಅಂದಾಜು ತಪ್ಪಿದರೆ ದಾರವೆಲ್ಲ ಹಕ್ಕಿಗೂಡಾಗುತ್ತದೆ, ಕತ್ತಲಲ್ಲಿ ಮರಗಟ್ಟಿದ ಬೆರಳಿನಿಂದ ಅದನ್ನು ಬಿಡಿಸಲಾಗದು. ರೀಲಿಗೆ 15ರಿಂದ 18 ಪೌಂಡ್ ಬಲದ ದಾರ. ಅದರ ತುದಿಗೆ ಶಾಕ್ ಲೀಡರ್ ಎಂಬ ದಪ್ಪ ದಾರ ಕಟ್ಟಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ. ಲೆಕ್ಕ ಸುಲಭ: ಭಾರದ ಪ್ರತಿ ಔನ್ಸಿಗೆ 10 ಪೌಂಡ್. 5 ಔನ್ಸ್ ಸೀಸಕ್ಕೆ 50, 6 ಔನ್ಸಿಗೆ 60. ಉದ್ದ ಎಷ್ಟೆಂದರೆ, ಎಸೆಯಲು ಸಿದ್ಧರಾಗಿ ನಿಂತಾಗ ಸೀಸ ತೂಗಾಡುತ್ತಿದ್ದರೂ ರೀಲಿನ ಮೇಲೆ ಆ ದಪ್ಪ ದಾರದ ಏಳೆಂಟು ಸುತ್ತು ಉಳಿದಿರಬೇಕು. ಎಸೆತದ ಪೂರ್ತಿ ಜಗ್ಗು ಬೀಳುವುದು ಅದರ ಮೇಲೆಯೇ. ಅದಿಲ್ಲದೆ ತೆಳು ದಾರ ಕಡಿದರೆ 150 ಗ್ರಾಂ ಸೀಸ ಗುಂಡಿನಂತೆ ಹಾರಿ ಹೋಗುತ್ತದೆ, ಅದು ಯಾವ ಕಡೆಗೆಂದು ಹೇಳಲಾಗದು. ಪ್ರತಿ ಮೀನಿನ ನಂತರ ಕೊನೆಯ ಎರಡು ಮೀಟರನ್ನು ಬೆರಳ ನಡುವೆ ಎಳೆದು ನೋಡಿ. ಕಲ್ಲಿಗೆ ಉಜ್ಜಿ ತರಿತರಿಯಾಗಿದ್ದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಗಂಟು ಹಾಕಿ.

ಸೀಸದಲ್ಲಿ ಎರಡು ಬಗೆ, ನುಣುಪಾದದ್ದು ಮತ್ತು ನಾಲ್ಕು ತಂತಿಯ ಕೊಂಡಿ ಇರುವುದು. ಗುಂಪಿನಲ್ಲಿ ಎಲ್ಲರೂ ತಂತಿಯದ್ದನ್ನೇ ಹಾಕಬೇಕು. ಚೆಸಿಲ್‌ನಲ್ಲಿ ನೀರು ದಂಡೆಯ ಉದ್ದಕ್ಕೂ ಹರಿಯುತ್ತದೆ, ಒಬ್ಬರ ನುಣುಪು ಸೀಸ ಉರುಳುತ್ತಾ ಹೋಗಿ ಪಕ್ಕದ ಮೂವರ ದಾರವನ್ನು ಒಟ್ಟಿಗೆ ಸುತ್ತಿ ಹಾಕುತ್ತದೆ. ವೈಟಿಂಗ್‌ಗೆ 1 ಅಥವಾ 2 ನಂಬರಿನ ಮೂರು ಗಾಳ ಇರುವ ಸಾದಾ ಫ್ಲ್ಯಾಪರ್ ರಿಗ್ ಸಾಕು (ರಿಗ್ ಎಂದರೆ ದಾರದ ತುದಿಗೆ ಗಾಳ, ಸೀಸ ಕಟ್ಟುವ ಜೋಡಣೆ). 50–60 ಮೀಟರ್ ಎಸೆದರೂ ಮೀನಿದೆ, ದೂರಕ್ಕಾಗಿ ಒದ್ದಾಡಬೇಕಿಲ್ಲ. ತೊರಕೆಯಂಥ ದೊಡ್ಡದಕ್ಕೆ ಪುಲ್ಲಿ ರಿಗ್, ಅಂದರೆ ರಾಟೆಯಂಥ ಜೋಡಣೆ, ಕಟ್ಟಿ. ಅದರಲ್ಲಿ ಒಂದೇ ದಾರ ಒಂದು ಮಣಿಯೊಳಗೆ ಜಾರುತ್ತದೆ, ಒಂದು ತುದಿಗೆ ಸೀಸ, ಇನ್ನೊಂದಕ್ಕೆ ಗಾಳ. ಮೀನು ಜಗ್ಗಿದಾಗ ಸೀಸ ಮೇಲಕ್ಕೇರುತ್ತದೆ, ಹಾಗಾಗಿ ದಡದ ಬುಡದ ಕಲ್ಲಿನ ಮೆಟ್ಟಿಲಿಗೆ ಸಿಕ್ಕಿಕೊಳ್ಳುವುದಿಲ್ಲ.

ರಾಡ್ ನಿಲ್ಲಿಸಲು ಮರಳಿಗೆ ಚುಚ್ಚುವ ಗೂಟ ಇಲ್ಲಿ ನಿಲ್ಲದು. ಮೂರು ಕಾಲಿನ ಸ್ಟ್ಯಾಂಡ್ ಬೇಕು, ಅದರ ನಡುವೆ ಒಂದು ಬಟ್ಟೆಚೀಲಕ್ಕೆ ಕಲ್ಲು ತುಂಬಿ ತೂಗುಹಾಕಿ, ಇಲ್ಲದಿದ್ದರೆ ಗಾಳಿಗೆ ರಾಡ್ ಸಮೇತ ಉರುಳುತ್ತದೆ. ಟೆಂಟಿನ ಗೂಟಕ್ಕೂ ಇದೇ ಗತಿ, ಹಗ್ಗವನ್ನು ಕಲ್ಲುಚೀಲಕ್ಕೇ ಕಟ್ಟಬೇಕು. ಹೊರಡುವಾಗ ಕಲ್ಲನ್ನು ಅಲ್ಲೇ ಸುರಿದುಬಿಡಿ.

ಎರೆಗೆ ಲಗ್ ಹುಳು, ಅಂದರೆ ಸಮುದ್ರದ ಮರಳಿನಲ್ಲಿ ಬದುಕುವ ಹುಳು, ಮುಖ್ಯ. ನಾಲ್ಕೈದು ಗಂಟೆಗೆ ತಲೆಗೆ 25–30 ಹುಳು, ಜೊತೆಗೆ ಒಂದಿಷ್ಟು ಬೊಂಡಾಸ್, ಒಂದೆರಡು ಮ್ಯಾಕೆರೆಲ್, ಅಂದರೆ ನಮ್ಮ ಬಂಗುಡೆಯ ಬಳಗದ ಮೀನು. ಗಾಳದ ಮೊನೆಯನ್ನು ಹುಳುವಿನ ತಲೆಯಿಂದ ಒಳಗೆ ತೂರಿಸಿ ಮೈಯುದ್ದಕ್ಕೂ ಜಾರಿಸಿ, ತುದಿಗೆ ಬೆರಳಗಲ ಬೊಂಡಾಸ್ ಪಟ್ಟಿ ಸಿಕ್ಕಿಸಿ, ಕೂದಲೆಳೆಯಂಥ ಬೇಟ್ ಇಲಾಸ್ಟಿಕ್‌ನಿಂದ ನಾಲ್ಕು ಸುತ್ತು ಬಿಗಿಯಿರಿ. ಗಾಳದ ಮೊನೆ ಹೊರಗೇ ಕಾಣುತ್ತಿರಬೇಕು. ಮುಚ್ಚಿಹೋದರೆ ಮೀನು ಕಚ್ಚುತ್ತದೆ, ಸಿಕ್ಕಿಬೀಳುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎರೆ ಬದಲಿಸಿ, ರಸ ಬಸಿದುಹೋದ ಹುಳುವಿಗೆ ವಾಸನೆ ಇರದು.

ಎಂಟು ಜನರಿದ್ದರೆ ಇಬ್ಬಿಬ್ಬರ ನಾಲ್ಕು ಜೋಡಿ ಮಾಡಿ, ಜೋಡಿಯಿಂದ ಜೋಡಿಗೆ 20 ಮೀಟರ್ ಬಿಡಿ. ಎಸೆಯುವ ಮುಂಚೆ ಹಿಂದೆ ತಿರುಗಿ ಹೆಡ್‌ಲ್ಯಾಂಪ್ ಬೆಳಕು ಬಿಟ್ಟು ನೋಡಿ, "ಎಸೀತೀನಿ" ಎಂದು ಗಟ್ಟಿಯಾಗಿ ಕೂಗಿ. ತಲೆಯ ಮೇಲಿಂದ ನೇರವಾದ ಎಸೆತ ಮಾತ್ರ. ಸೀಸವನ್ನು ಲೋಲಕದಂತೆ ತೂಗಿ ಎಸೆಯುವ ವಿದ್ಯೆ ಗುಂಪಿನಲ್ಲಿ ಸುತರಾಂ ಬೇಡ.

ಮೀನನ್ನು ದಡಕ್ಕೆ ತರುವ ಕ್ಷಣದಲ್ಲೇ ಜನ ನೀರಿಗೆ ಓಡುವುದು. ಮೀನು ಹತ್ತಿರ ಬಂತೆಂದು ಕೆಳಗೆ ಇಳಿಯಬೇಡಿ, ದಿಬ್ಬದ ಮೇಲೇ ನಿಲ್ಲಿ. ಅಲೆ ಹಿಂದಕ್ಕೆ ಸರಿಯುವಾಗ ಸುತ್ತಬೇಡಿ, ದಾರ ಬಿಗಿ ಹಿಡಿದು ಸುಮ್ಮನಿರಿ. ಮೀನಿನ ತೂಕ, ಸೆಳೆತದ ತೂಕ, ಸೀಸದ ತೂಕ ಮೂರೂ ಸೇರಿ ದಾರ ಕಡಿಯುವುದು ಆಗಲೇ. ಮುಂದಿನ ಅಲೆ ಏಳುತ್ತಿದ್ದಂತೆ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಯಿರಿ, ಅಲೆಯೇ ಮೀನನ್ನು ಎತ್ತಿ ತಂದು ಕಲ್ಲಿನ ಮೇಲೆ ಮಲಗಿಸುತ್ತದೆ. ನೀರು ಸರಿದ ಮೇಲೆ ಮತ್ತೆರಡು ಹೆಜ್ಜೆ ಹಿಂದೆ ಸರಿದು ಒಣ ಕಲ್ಲಿಗೆ ಎಳೆದುಕೊಳ್ಳಿ. ಅಷ್ಟು ಹೊತ್ತೂ ಜೊತೆಗಾರ ಲೈಟು ಹಿಡಿದು ಮೀನನ್ನಲ್ಲ, ಹಿಂದೆ ಬರುತ್ತಿರುವ ಅಲೆಯನ್ನು ನೋಡುತ್ತಿರಬೇಕು. ಮೀನು ಕೈತಪ್ಪಿದರೆ ಹೋಗಲಿ. ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಧುಮುಕಬೇಡಿ, ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ, ತೇಲುವಂಥದ್ದೇನಾದರೂ ಎಸೆಯಿರಿ. ಗಾಳಿ ತುಂಬುವ ತೆಳುವಾದ ಲೈಫ್‌ಜಾಕೆಟ್ ಎಲ್ಲರ ಮೈಮೇಲಿರಲಿ.

ಡಾಗ್‌ಫಿಶ್ ಸಿಕ್ಕರೆ ತಲೆ ಮತ್ತು ಬಾಲವನ್ನು ಸೇರಿಸಿ ಹಿಡಿಯಿರಿ. ಬಾಲ ಬಿಟ್ಟರೆ ಕೈಗೆ ಸುತ್ತಿಕೊಂಡು ಉಪ್ಪುಕಾಗದದಂಥ ಚರ್ಮದಿಂದ ಉಜ್ಜಿಬಿಡುತ್ತದೆ.

ಬಟ್ಟೆಯಲ್ಲಿ ಹತ್ತಿ ಬೇಡ, ಒದ್ದೆಯಾದರೆ ಮೈ ಕೊರೆಯುತ್ತದೆ. ಒಳಗೆ ಉಣ್ಣೆ ಅಥವಾ ಥರ್ಮಲ್, ಮೇಲೆ ಗಾಳಿ ಮಳೆ ತಡೆಯುವ ಸೂಟ್, ಪಾದಕ್ಕೆ ಹಿಮ್ಮಡಿ ಬಿಗಿ ಹಿಡಿಯುವ ಬೂಟು. ಕೈ ಒರೆಸಲು ಎರಡು ಟವೆಲ್: ಎರೆಯ ಕೈಗೊಂದು, ಒಣ ಕೈಗೊಂದು. ಸಾಮಾನು ಕಡಿಮೆ ಇರಲಿ. ಕಲ್ಲಿನ ಮೇಲೆ ಹತ್ತು ನಿಮಿಷದ ನಡಿಗೆ ರಸ್ತೆಯ ಅರ್ಧ ಗಂಟೆಗೆ ಸಮ. ಮೊದಲ ಸಲಕ್ಕೆ ಆಬಟ್ಸ್‌ಬರಿಯ ಕಾರ್ ಪಾರ್ಕ್ ಹತ್ತಿರವೇ ನಿಂತರೆ ಸಾಕು.

ಇಂಗ್ಲೆಂಡಿನಲ್ಲಿ ಸಮುದ್ರದ ಮೀನಿಗೆ ರಾಡ್ ಲೈಸೆನ್ಸ್ ಬೇಡ, ಅದು ಬೇಕಾಗುವುದು ಸಿಹಿನೀರಿಗೆ ಮತ್ತು ಸಾಲ್ಮನ್‌ನಂಥ ಮೀನಿಗೆ. ಆದರೆ ಅಳತೆ ಇದೆ: ವೈಟಿಂಗ್ 27 ಸೆಂಟಿಮೀಟರ್, ಕಾಡ್ 35, ಬಾಸ್ 42. ಅದಕ್ಕಿಂತ ಚಿಕ್ಕದನ್ನು ಒದ್ದೆ ಕೈಯಲ್ಲಿ ಹಿಡಿದು ವಾಪಸ್ ಬಿಡಬೇಕು. ಬಾಸ್ ಯಾವ ತಿಂಗಳಲ್ಲಿ ಎಷ್ಟು ಇಟ್ಟುಕೊಳ್ಳಬಹುದೆಂಬ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಹಿಂದಿನ ದಿನ ಸರ್ಕಾರದ ತಾಣದಲ್ಲಿ ನೋಡಿಕೊಳ್ಳಿ.

ಕೊನೆಗೆ ಅಡುಗೆಮನೆಯ ಪ್ರಶ್ನೆ. ನಮ್ಮ ಕಾಣೆ ಮೀನಿಗೂ ಇಂಗ್ಲಿಷಿನಲ್ಲಿ ವೈಟಿಂಗ್ ಎನ್ನುವುದುಂಟು, ಆದರೆ ಎರಡೂ ಬೇರೆ ಬೇರೆ ಕುಲ. ಚೆಸಿಲ್‌ನ ವೈಟಿಂಗ್ ಕಾಡ್ ಜಾತಿಯದು, ಮಾಂಸ ಮೆತ್ತಗೆ, ನೀರು ಹೆಚ್ಚು. ಕಾಣೆಯಂತೆ ನೇರವಾಗಿ ಮಸಾಲೆ ಹಚ್ಚಿ ಕಾವಲಿಗೆ ಹಾಕಿದರೆ ಪುಡಿಯಾಗುತ್ತದೆ. ದಂಡೆಯಲ್ಲೇ ಕರುಳು ತೆಗೆದು ಐಸಿನಲ್ಲಿಟ್ಟು ತನ್ನಿ. ಮನೆಯಲ್ಲಿ ಮುಳ್ಳು ಬಿಡಿಸಿ, ಎರಡೂ ಬದಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಬಿಟ್ಟ ನೀರನ್ನು ತೊಳೆದು ಒರೆಸಿ, ಆಮೇಲೆ ಖಾರ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿಯಿರಿ. ಮಸಾಲೆಗೆ ಮತ್ತೆ ಉಪ್ಪು ಹಾಕಬೇಡಿ.