ಮನೆಗೆ ಹೋಗುವ ಚೀಲ: ಕಾರ ಹುಣ್ಣಿಮೆಯಿಂದ ಸಂಕ್ರಾಂತಿವರೆಗೆ

ಗದಗ ಜಿಲ್ಲೆಯ ಒಂದು ಹಳ್ಳಿ, ಸರ್ಕಾರಿ ಪ್ರಾಥಮಿಕ ಶಾಲೆ. ಎರಡನೇ ಮತ್ತು ಮೂರನೇ ತರಗತಿ ಸೇರಿ 24 ಮಕ್ಕಳು, ಓದು-ಲೆಕ್ಕದ ಆಟದ ಸಾಮಾನು ತುಂಬಿ ಮನೆಗೆ ಕಳಿಸುವ 8 ಚೀಲ. ಸೋಮವಾರ ಮತ್ತು ಗುರುವಾರ ಚೀಲ ಕೈ ಬದಲಾಗುತ್ತದೆ. ಹಾಗಾಗಿ ಮೂರು ಸುತ್ತಿಗೆ, ಅಂದರೆ ಹತ್ತು ಹನ್ನೊಂದು ದಿನಕ್ಕೊಮ್ಮೆ ಪ್ರತಿ ಮಗುವಿನ ಪಾಳಿ. ಚೀಲಕ್ಕೆ ನಾವು ಹಾಕಿಕೊಂಡ ನಿಯಮ ಒಂದೇ: ಓದು ಬಾರದ ಅಜ್ಜಿಯೂ ಇದನ್ನು ನಡೆಸುವಂತಿರಬೇಕು. ಸಂಜೆ ಅವ್ವ ರೊಟ್ಟಿ ಬಡಿಯುತ್ತಿರುತ್ತಾಳೆ, ಅಪ್ಪ ಹೊಲದಿಂದ ಬಂದಿರುವುದಿಲ್ಲ. ಮಗುವಿನ ಎದುರು ಹತ್ತು ನಿಮಿಷ ಕೂರುವವರು ಹೆಚ್ಚಿನ ಮನೆಗಳಲ್ಲಿ ಅಜ್ಜಿಯೇ.

ಕಾರ ಹುಣ್ಣಿಮೆಯ ವಾರ

ಮೊದಲ ಕೆಲಸ ಕಡ್ಡಿ. ಎಣಿಕೆಗೆ ಹುಣಸೆ ಬೀಜ ಸಾಕು ಅಂದುಕೊಂಡು ಚೀಲಕ್ಕೆ 100ರಂತೆ ತುಂಬಿದ್ದೆವು. ಎರಡು ತಪ್ಪಾದವು. ಸರಿಯಾಗಿ ಒಣಗಿಸದ ಬೀಜಕ್ಕೆ ಹುಳು ಬಿದ್ದು, ತೂತು ಕೊರೆದು ಹಿಟ್ಟು ಉದುರತೊಡಗಿತು. ಹುಳು ಸಾಯಲಿ ಎಂದು ಹುರಿದ ಬೀಜಗಳನ್ನು ಮಕ್ಕಳು ತಿಂದು ಮುಗಿಸಿದರು. ಹುರಿದ ಹುಣಸೆ ಬೀಜದ ರುಚಿ ಗೊತ್ತಿದ್ದವರು ಅವರನ್ನು ಬೈಯಲಾರರು. ಅದಕ್ಕಿಂತ ದೊಡ್ಡ ಕೊರತೆ ಬೇರೆಯೇ ಇತ್ತು. ಬೀಜವನ್ನು ಕಟ್ಟಲು ಬರುವುದಿಲ್ಲ. ಬಿಡಿ ಹತ್ತು ಸೇರಿ ಒಂದು ಹತ್ತು ಆಗುವುದನ್ನು ಕೈಯಿಂದ ಮಾಡಿ ನೋಡದೆ ಸ್ಥಾನಬೆಲೆ ತಲೆಗೆ ಹತ್ತುವುದಿಲ್ಲ.

ಈಗ ಇರುವುದು ತೆಂಗಿನ ಕಸಬರಿಗೆ ಕಡ್ಡಿ. ತುದಿಯ ತೆಳು ಭಾಗ ಬಿಟ್ಟು 10 ಸೆಂ.ಮೀ. ತುಂಡು, ಚೀಲಕ್ಕೆ 100. ಕತ್ತರಿಸಿದ ಬಾಯಿಯನ್ನು ಮರಳು ಕಾಗದಕ್ಕೆ ಎರಡು ಸಲ ಉಜ್ಜಬೇಕು, ಇಲ್ಲವಾದರೆ ಸಿಬರು ಚುಚ್ಚುತ್ತದೆ. ಕಟ್ಟಲು ರಬ್ಬರ್ ಬ್ಯಾಂಡ್ ಹಾಕಿದ್ದೆವು. ನಮ್ಮ ಬಿಸಿಲಿಗೆ ಕೆಲವು ಒಣಗಿ ಪುಡಿಯಾದವು, ಕೆಲವು ಕರಗಿ ಕಡ್ಡಿಗೆ ಅಂಟಿದವು. ಅದರ ಬದಲು ಸೈಕಲ್ ಅಂಗಡಿಯಿಂದ ಹಳೇ ಟ್ಯೂಬ್ ತಂದು 5 ಮಿ.ಮೀ. ಅಗಲದ ಬಳೆಗಳಾಗಿ ಕತ್ತರಿಸಿದೆವು. ಎರಡು ಸುತ್ತು ಹಾಕಿದರೆ ಹತ್ತು ಕಡ್ಡಿ ಗಟ್ಟಿ ನಿಲ್ಲುತ್ತವೆ. ಟ್ಯೂಬಿನ ಒಳಗಿನ ಬಿಳಿ ಪುಡಿಯನ್ನು ಮೊದಲು ತೊಳೆದು ತೆಗೆಯಬೇಕು.

ಶಾಲೆಯಲ್ಲೇ ಕಟ್ಟಿದ ಕಟ್ಟುಗಳನ್ನು ಮನೆಗೆ ಕಳಿಸಬೇಡಿ. ಮೊದಲ ಸುತ್ತಿನಲ್ಲಿ ಹಾಗೆ ಮಾಡಿ ಕೆಟ್ಟೆವು: ಕಟ್ಟು ತಾನೇ ಕಟ್ಟದ ಮಗುವಿಗೆ ಅದು ‘ಒಂದು’ ವಸ್ತು, ಹತ್ತಲ್ಲ. ಬಿಡಿ ಕಡ್ಡಿಯೇ ಹೋಗಲಿ. ಮರಳಿ ಕೊಡುವಾಗ ಮಗು ಹತ್ತು ಕಟ್ಟು ಕಟ್ಟಿ ಅಕ್ಕೋರ (ಶಿಕ್ಷಕಿಯ) ಕೈಗೆ ಕೊಡಬೇಕು. ಲೆಕ್ಕವೂ ಆಯಿತು, ಕಡ್ಡಿ ಕಳೆದಿದೆಯೋ ಇಲ್ಲವೋ ಅಲ್ಲೇ ಗೊತ್ತಾಯಿತು.

ಮಣ್ಣೆತ್ತಿನ ಅಮಾವಾಸ್ಯೆ

ಪಾಲಕರ ಸಭೆ. ಮಾಮೂಲಿನಂತೆ ಸಂಜೆ 4ಕ್ಕೆ ಕರೆದಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರನ್ನು ಬಿಟ್ಟು ಯಾರೂ ಬರುತ್ತಿರಲಿಲ್ಲ. ಅಮಾವಾಸ್ಯೆ ದಿನ ಎತ್ತು ಹೂಡುವುದಿಲ್ಲ, ಮುಂಜಾನೆ ಜನ ಊರಲ್ಲೇ ಇರುತ್ತಾರೆ. ಆ ದಿನ 9ಕ್ಕೆ ಕರೆದೆವು. ಚೀಲ ಬಿಚ್ಚಿ ತೋರಿಸಿದ್ದು ಹದಿನೈದು ನಿಮಿಷ ಮಾತ್ರ, ಭಾಷಣ ಇಲ್ಲ. ಸೂಚನೆಗಳನ್ನು ವಾಟ್ಸಾಪ್‌ನಲ್ಲಿ ಕಳಿಸುವ ಯೋಚನೆಯನ್ನು ಅಲ್ಲೇ ಬಿಟ್ಟೆವು: ಮನೆಗೊಂದೇ ಫೋನು, ಅದು ಅಪ್ಪನ ಜೊತೆ ಹೊಲದಲ್ಲಿ. ಸಂದೇಶ ನೋಡುವ ಹೊತ್ತಿಗೆ ಮಗು ಮಲಗಿರುತ್ತದೆ.

ಸೂಚನೆಯ ಬದಲು ಗುರುತು. ನಲಿ-ಕಲಿಯಲ್ಲಿ ಮಕ್ಕಳು ಕಾರ್ಡಿನ ಮೇಲಿನ ಲೋಗೋ ನೋಡಿಯೇ ಏನು ಮಾಡಬೇಕೆಂದು ತಿಳಿಯುತ್ತಾರೆ. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಶುರುವಾದ ಪದ್ಧತಿ ಅದು, ನಮ್ಮ ಮಕ್ಕಳಿಗೆ ಒಂದನೇ ತರಗತಿಯಿಂದಲೇ ರೂಢಿ. ಅದೇ ರೂಢಿಯನ್ನು ಬಳಸಿಕೊಂಡೆವು: ಕಿವಿ ಗುರುತಿದ್ದರೆ ಮಗು ಓದಬೇಕು, ಅಜ್ಜಿ ಕೇಳಬೇಕು, ಕೈ ಗುರುತಿದ್ದರೆ ಇಬ್ಬರೂ ಸೇರಿ ಜೋಡಿಸಬೇಕು.

ಪಂಚಮಿಯ ಆಸುಪಾಸು: ಒತ್ತಕ್ಷರ

ಇಡೀ ಯೋಜನೆಯಲ್ಲಿ ಹೆಚ್ಚು ಸಲ ಹರಿದು ಮತ್ತೆ ಮಾಡಿದ ಭಾಗ ಇದು.

ಕಾರ್ಡಿನ ಅಳತೆ 9.5 x 6.5 ಸೆಂ.ಮೀ. ಒಂದು ಎ4 ಲ್ಯಾಮಿನೇಶನ್ ಪೌಚಿನಲ್ಲಿ 8 ಕಾರ್ಡು ಕೂರುತ್ತವೆ, ನಡುವೆ 6 ಮಿ.ಮೀ. ಸಂದು. ಸಂದಿನ ಮಧ್ಯೆ ಕತ್ತರಿಸಿದರೆ ಎಲ್ಲ ಕಡೆ 3 ಮಿ.ಮೀ. ಪ್ಲಾಸ್ಟಿಕ್ ಅಂಚು ಉಳಿಯುತ್ತದೆ. ಕಾಗದದ ಅಂಚಿಗೇ ಕತ್ತರಿಸಿದವು ಮಳೆಗಾಲದಲ್ಲಿ ತೇವ ಎಳೆದುಕೊಂಡು ಸಿಪ್ಪೆ ಬಿಟ್ಟವು. ಪೌಚು 125 ಮೈಕ್ರಾನಿನದು. ಮೂಲೆಗಳನ್ನು ನೇಲ್ ಕಟರಿನಿಂದ ದುಂಡಗೆ ಮಾಡಬೇಕು. ಉಳಿತಾಯವೆಂದು ಹಳೇ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಬರೆದು, ಲ್ಯಾಮಿನೇಟ್ ಮಾಡದೆ ಕಳಿಸಿದ ಕಾರ್ಡುಗಳು ಚಲೋ ಗಟ್ಟಿ ಇದ್ದವು. ಆದರೆ ಎಣ್ಣೆ ಕೈ ತಾಗಿ ಸ್ಕೆಚ್‌ಪೆನ್ನಿನ ಅಕ್ಷರ ಕಲಸಿಹೋಯಿತು.

ಆಟ ಹೀಗೆ. ಮೇಲಿನ ಕಾರ್ಡಿನಲ್ಲಿ ಒತ್ತಿಲ್ಲದ ಪದ: ‘ಹಗ’, ‘ರೊಟಿ’, ‘ಗುಬಿ’. ಕೆಳಗೆ ಇಡಲು ಒತ್ತಿನ ಪಟ್ಟಿ. ಸರಿಯಾದ ಪಟ್ಟಿ ಇಟ್ಟರೆ ಹಗ್ಗ, ರೊಟ್ಟಿ, ಗುಬ್ಬಿ.

ಮೊದಲ ನಮೂನೆಯಲ್ಲಿ ಪಟ್ಟಿಗಳನ್ನು ಬೇರೆ ಬೇರೆ ಆಕಾರಕ್ಕೆ ಕತ್ತರಿಸಿದ್ದೆವು, ಸರಿಯಾದದ್ದು ಮಾತ್ರ ಕೂಡುವಂತೆ. ಎಲ್ಲ ಮಕ್ಕಳೂ ಐದು ನಿಮಿಷದಲ್ಲಿ ಮುಗಿಸಿದರು. ಅಕ್ಷರ ನೋಡಿ ಅಲ್ಲ, ಕತ್ತರಿಯ ಗೆರೆ ನೋಡಿ. ಅಜ್ಜಿಯಂದಿರಿಗೂ ಖುಷಿ, “ಕೂಡೇತಿ ನೋಡು” ಅಂತ. ಕಲಿತದ್ದು ಸೊನ್ನೆ.

ಎರಡನೇ ನಮೂನೆ: ಎಲ್ಲ ಪಟ್ಟಿ ಒಂದೇ ಅಳತೆ, ಬೆನ್ನಿಗೆ ಚಿತ್ರ. ಗುಬ್ಬಿಯ ಮೈ ಪದದ ಕಾರ್ಡಿನ ಬೆನ್ನಿಗೆ, ಕಾಲು ಒತ್ತಿನ ಪಟ್ಟಿಯ ಬೆನ್ನಿಗೆ. ಜೋಡಿಸಿ ಆದ ಮೇಲೆ ಅಜ್ಜಿ ಎರಡನ್ನೂ ಪುಸ್ತಕದ ಹಾಳೆಯಂತೆ ಬದಿಗೆ ಮಗುಚಬೇಕು. ಚಿತ್ರ ಕೂಡಿದರೆ ಸರಿ. ಮೇಲಿಂದ ಕೆಳಗೆ ಮಗುಚಿದರೆ ಗುಬ್ಬಿ ತಲೆಕೆಳಗಾಗುತ್ತದೆ, ಅದನ್ನು ಸಭೆಯಲ್ಲಿ ಮಾಡಿಯೇ ತೋರಿಸಬೇಕು.

ಇದರಲ್ಲೂ ಒಂದು ಸಿಕ್ಕು. ಒಂದೇ ಕಂತೆಯಲ್ಲಿ ‘ಹತ್ತಿ’ಯೂ ಇತ್ತು, ‘ಸುತ್ತಿಗೆ’ಯೂ ಇತ್ತು. ಎರಡಕ್ಕೂ ತ ಒತ್ತು. ಮಗು ಸುತ್ತಿಗೆಯ ಪಟ್ಟಿಯನ್ನು ಹತ್ತಿಗೆ ಇಟ್ಟರೆ ಅಕ್ಷರದ ಪ್ರಕಾರ ಸರಿಯೇ, ಆದರೆ ಚಿತ್ರ ಕೂಡುವುದಿಲ್ಲ. ಅಜ್ಜಿ ತಪ್ಪು ಎನ್ನುತ್ತಾಳೆ. ಸರಿ ಮಾಡಿದ ಮಗುವಿಗೆ ತಪ್ಪೆಂದು ಹೇಳುವ ಆಟ, ಆಟವೇ ಇಲ್ಲದಿರುವುದಕ್ಕಿಂತ ಕಡೆ. ಈಗ ಚಿತ್ರ ಕೂಡಿಸುವ ಒಂದು ಕಂತೆಯಲ್ಲಿ ಒಂದೇ ಒತ್ತು ಎರಡು ಸಲ ಬರುವುದಿಲ್ಲ.

ಮೊದಲ ಕಂತೆ: ಹಗ್ಗ, ಅಜ್ಜ, ರೊಟ್ಟಿ, ಗುಬ್ಬಿ, ಹಪ್ಪಳ, ಹಳ್ಳ. ಇವುಗಳ ಒತ್ತು ಮೂಲ ಅಕ್ಷರದ ಚಿಕ್ಕ ರೂಪದಂತೆಯೇ ಕಾಣುತ್ತದೆ, ತಲೆಕಟ್ಟು ಇದ್ದರೆ ಅದೊಂದು ಹೋಗಿರುತ್ತದೆ. ತ, ನ, ಮ, ಯ, ರ, ಲ ಹಾಗಲ್ಲ. ಒತ್ತಿಗೂ ಅಕ್ಷರಕ್ಕೂ ಮುಖವೇ ಸೇರುವುದಿಲ್ಲ. ಅವನ್ನು ಎರಡನೇ ಕಂತೆಗೆ ತಳ್ಳಿದೆವು: ಹತ್ತಿ, ಅನ್ನ, ಗುಮ್ಮ, ಚಕ್ರ, ಬೆಲ್ಲ. ಯ ಒತ್ತಿಗೆ ಚಿತ್ರ ಬರೆಯಲು ಬರುವ, ಮಕ್ಕಳಿಗೆ ಗೊತ್ತಿರುವ ಪದ ಇನ್ನೂ ಹೊಂದಿಲ್ಲ.

ಹೆಸರು ಬೆಳೆ ಕೀಳುವ ದಿನಗಳು

ಚೀಲ ತಿರುಗುವುದು ನಿಧಾನವಾಯಿತು. ಬೆಳಗ್ಗೆಯೇ ಮನೆಮಂದಿಯೆಲ್ಲ ಹೊಲಕ್ಕೆ, ದೊಡ್ಡ ಮಕ್ಕಳೂ ಜೊತೆಗೆ. ಮೂರು ವಾರ ಪಾಳಿಯನ್ನು ವಾರಕ್ಕೊಮ್ಮೆ ಮಾಡಿದೆವು, ಒತ್ತಾಯ ಮಾಡಲಿಲ್ಲ.

ಆ ಬಿಡುವಿನಲ್ಲಿ ಪದಗಳ ಪಟ್ಟಿಯನ್ನು ತಿರುಗಿ ನೋಡಿದೆವು. ಕಾರಣ, ಒಂದು ಮನೆಯಿಂದ ಬಂದ ಸುದ್ದಿ. ಕಾರ್ಡಿನ ಮೇಲೆ ‘ಮೊಟ್ಟೆ’, ಪಕ್ಕದಲ್ಲಿ ಚಿತ್ರ. ಮಗು ಚಿತ್ರ ನೋಡಿ “ತತ್ತಿ” ಅಂದಿತು, ಅಜ್ಜಿ ಚಿತ್ರ ನೋಡಿ “ಹೌದ್ ನೋಡವಾ, ತತ್ತಿ” ಅಂದಳು. ಇಬ್ಬರೂ ಮುಂದಿನ ಕಾರ್ಡಿಗೆ ಹೋದರು. ಅಲ್ಲಿ ಓದು ನಡೆಯಲೇ ಇಲ್ಲ. ಈರುಳ್ಳಿ-ಉಳ್ಳಾಗಡ್ಡಿ, ಆಲೂಗಡ್ಡೆ-ಬಟಾಟಿ, ಪೊರಕೆ-ಕಸಬರಿಗೆ, ಎಲ್ಲ ಇದೇ ಜಾತಿ. ಪುಸ್ತಕಕ್ಕೂ ಮನೆಗೂ ಒಂದೇ ಆಗಿರುವ ಪದಗಳನ್ನೇ ಚಿತ್ರದ ಕಂತೆಯಲ್ಲಿ ಉಳಿಸಿಕೊಂಡೆವು.

‘ಎಮ್ಮೆ’ಯನ್ನು ಮಗು ‘ಎಮ್ಮಿ’ ಎಂದು ಓದಿದರೆ? ನಮ್ಮ ಕಡೆ ಮಾತಿನಲ್ಲಿ ಕೊನೆಯ ಎ-ಕಾರ ಇ-ಕಾರವೇ ಆಗುತ್ತದೆ. ಅದು ಓದಿನ ತಪ್ಪಲ್ಲ. ಮಗು ಅರ್ಥ ಹಿಡಿದೇ ಓದಿದೆ. ಬರೆಯುವಾಗ ಮಾತ್ರ ಎತ್ವ ತೋರಿಸಿ ತಿದ್ದುತ್ತೇವೆ. ಇದರ ಬಗ್ಗೆ ನಮ್ಮಲ್ಲೇ ಒಮ್ಮತ ಇಲ್ಲ, ಆದರೂ ಸದ್ಯಕ್ಕೆ ನಡೆಸಿರುವುದು ಹೀಗೆ.

ದಸರಾ ರಜೆ ಮುಗಿದ ಮೇಲೆ

ಮೂರನೇ ಕಂತೆಯಲ್ಲಿ ಬೇರೆ ಅಕ್ಷರದ ಒತ್ತು: ರಸ್ತೆ, ಪುಸ್ತಕ, ಶಿಸ್ತು, ಮುಷ್ಟಿ, ಸೂರ್ಯ. ಹಿಂದಿನ ಆಟವನ್ನೇ ಮುಂದುವರಿಸಿದೆವು, ‘ರಸೆ’ ಕೆಳಗೆ ತ ಒತ್ತು. ಹಲವು ಮಕ್ಕಳು ‘ರ-ಸೆ-ತ’ ಎಂದು ಓದತೊಡಗಿದರು. ತಪ್ಪು ಅವರದಲ್ಲ, ನಮ್ಮ ಕಾರ್ಡಿನದೇ. ಎತ್ವದ ಗುರುತು ಸ-ಕಾರದ ತಲೆಯ ಮೇಲೆ ಕೂತಿರುತ್ತದೆ, ಅದರ ಉಚ್ಚಾರ ಮಾತ್ರ ಒತ್ತಿನ ನಂತರ. ‘ರೊಟ್ಟಿ’ಯಂಥ ಸಜಾತಿ ಒತ್ತಿನಲ್ಲಿ ಈ ಗೊಂದಲ ಮುಚ್ಚಿಹೋಗುತ್ತದೆ, ವಿಜಾತಿಗೆ ಬಂದಾಗ ಬಯಲಾಗುತ್ತದೆ. ‘ಸೂರ್ಯ’ದ ಅರ್ಕಾವೊತ್ತು ಇದರ ತಿರುಗುಮುರುಗು: ಬರೆಯುವುದು ಆಮೇಲೆ, ನುಡಿಯುವುದು ಮೊದಲು.

ಈ ಕಂತೆಗೆ ಮಡಚುವ ಕಾರ್ಡು ಮಾಡಿದೆವು. ಮುಚ್ಚಿದಾಗ ಕಾಣುವುದು ‘ರಸ್ತೆ’, ಬಿಚ್ಚಿದರೆ ಒಳಗೆ ‘ರ - ಸ್ - ತೆ’. ಮಡಚುವ ಗೆರೆಯನ್ನು ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೀಚಬೇಕು, ಲ್ಯಾಮಿನೇಟ್ ಮಾಡಬಾರದು, ಮಾಡಿದರೆ ಹತ್ತು ಸಲ ಮಡಚುವಷ್ಟರಲ್ಲಿ ಸೀಳುತ್ತದೆ. ಚಿತ್ರ ಬೇಡವೇ ಬೇಡ. ಅಜ್ಜಿ ಹೇಗೆ ಪರೀಕ್ಷಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಇಲ್ಲೇ: ಆಕೆ ಕಿವಿಗೊಟ್ಟರೆ ಸಾಕು. ‘ರಸೆತ’ ಎನ್ನುವ ಮಾತು ಯಾವ ಅಜ್ಜಿಗೂ ಗೊತ್ತಿಲ್ಲ. ಗೊತ್ತಿಲ್ಲದ ಮಾತು ಕೇಳಿದರೆ “ಏನಂದಿ? ಇನ್ನೊಮ್ಮಿ ಓದು” ಅನ್ನಬೇಕು, ಆಗ ಮಗು ಕಾರ್ಡು ಬಿಚ್ಚಿ ನೋಡುತ್ತದೆ. ಚಿತ್ರ ಕಣ್ಣ ಮುಂದಿದ್ದಾಗ ಮೋಸ ಹೋದ ಕಿವಿಯೇ, ಚಿತ್ರ ತೆಗೆದ ಮೇಲೆ ನಮಗಿಂತ ಚೆನ್ನಾಗಿ ತಪ್ಪು ಹಿಡಿಯಿತು. ಚೀಲದಲ್ಲಿ ಕಿವಿ ಗುರುತಿನ ಕಾರ್ಡು ಈಗ 12, ಇನ್ನೂ ಹೆಚ್ಚಿಸಬೇಕು.

ದೀಪಾವಳಿಯ ನಂತರ: ನೂರಾ ಐದು

ಮೂರನೇ ತರಗತಿಯವರಿಗೆ ‘ನೂರಾ ಐದು’ ಬರೆಯಲು ಹೇಳಿದರೆ ಅರ್ಧಕ್ಕರ್ಧ 1005. ಕೇಳಿದಂತೆಯೇ ಬರೆಯುತ್ತಾರೆ, ನೂರು, ಅದರ ಪಕ್ಕ ಐದು. ಇದಕ್ಕೆ ಒಂದರ ಮೇಲೊಂದು ಇಡುವ ಸಂಖ್ಯಾ ಪಟ್ಟಿ: ಎತ್ತರ 5 ಸೆಂ.ಮೀ., ಬಿಡಿ 4 ಸೆಂ.ಮೀ. ಅಗಲ, ಹತ್ತು 8, ನೂರು 12. ನೂರರ ಮೇಲೆ ಐದನ್ನು ಬಲ ಅಂಚಿಗೆ ಸರಿಯಾಗಿ ಇಟ್ಟರೆ ಕೊನೆಯ ಸೊನ್ನೆ ಮುಚ್ಚಿ 105 ಕಾಣುತ್ತದೆ. ಎಡಕ್ಕೆ ಇಟ್ಟವರಿಗೆ 500 ಕಂಡಿತು. ಎಲ್ಲ ಪಟ್ಟಿಗಳ ಬಲ ಮೇಲ್ಮೂಲೆಯನ್ನು 1 ಸೆಂ.ಮೀ. ಓರೆಯಾಗಿ ಕತ್ತರಿಸಿದೆವು, ಕತ್ತರಿಸಿದ ಮೂಲೆಗಳು ಒಂದರ ಮೇಲೊಂದು ಬಂದರೆ ಸರಿ. ಇದನ್ನು ಅಜ್ಜಿ ಬೆರಳಿನಿಂದಲೇ ಮುಟ್ಟಿ ನೋಡಬಹುದು.

ಸಂಖ್ಯೆಯ ಹೆಸರಲ್ಲಿ ತೊಡಕು ಎಂಬತ್ತು, ತೊಂಬತ್ತು, ಒಂಬತ್ತು. ಈ ಮೂರನ್ನು ಬೇರೆ ಬೇರೆ ದಿನ ಕಲಿಸದೆ ಒಟ್ಟಿಗೆ ಕೇಳಿಸಿ ಕಡ್ಡಿ ತೆಗೆಸುತ್ತೇವೆ: 8 ಕಟ್ಟು, 9 ಕಟ್ಟು, 9 ಬಿಡಿ.

42ರಲ್ಲಿ 17 ಕಳೆಯುವಾಗ ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಏಳರಲ್ಲಿ ಎರಡು ಕಳೆದು 35 ಬರೆಯುವುದು ಎಲ್ಲ ಊರಿನ ರೋಗ. ಇಲ್ಲಿ ನಿಯಮ ಒಂದೇ, ಕಟ್ಟು ಬಿಚ್ಚಿದ ಮೇಲೆಯೇ ಪೆನ್ಸಿಲ್ ಹಿಡಿಯಬೇಕು.

ಅಜ್ಜಿಯ ಬಾಯಲ್ಲಿರುವ ಪಾವ ಕಿಲೋ, ದೀಡ ಕಿಲೋ, ಅಡೀಚ ನೂರು ಮೂರಕ್ಕೂ ಒಂದೊಂದು ಕಾರ್ಡು: 250 ಗ್ರಾಂ, 1500 ಗ್ರಾಂ, 250. ಇಲ್ಲಿ ಅಜ್ಜಿಯೇ ಅಕ್ಕೋರು.

ಸಂಕ್ರಾಂತಿ: ಈಗಿನ ಸ್ಥಿತಿ

ಮರಳಿ ಬಂದ ಚೀಲವನ್ನು ತಕ್ಕಡಿಗೆ ಹಾಕಿ ಕಳೆದದ್ದು ಕಂಡುಹಿಡಿಯುವ ಉಪಾಯ ಬಿದ್ದುಹೋಯಿತು. ಮಳೆಗಾಲದಲ್ಲಿ ಬಟ್ಟೆ ಮತ್ತು ರಟ್ಟು ತೇವ ಹೀರಿ ತೂಕ ಏರುತ್ತದೆ, ನಾಲ್ಕು ಕಾರ್ಡು ಕಳೆದರೂ ಮುಳ್ಳು ಸುಳ್ಳು ಹೇಳುತ್ತದೆ. ಈಗ ಚೀಲದ ಒಳಗೆ ಒಂದು ಬಿಳಿ ಬಟ್ಟೆ, ಅದರ ಮೇಲೆ ಪ್ರತಿ ಸಾಮಾನಿನ ಸುತ್ತು ಗೆರೆ. ಹಾಸಿ ಇಟ್ಟರೆ ಖಾಲಿ ಗೆರೆ ಕಾಣುತ್ತದೆ. ಪರ್ಮನೆಂಟ್ ಮಾರ್ಕರಿನ ಗೆರೆ ನಾಲ್ಕು ಒಗೆತಕ್ಕೆ ಮಾಸಿತು, ಹೊಲಿಗೆ ಯಂತ್ರದಲ್ಲಿ ಕಪ್ಪು ದಾರ ಓಡಿಸಿದ್ದು ನಿಂತಿದೆ.

ಮೂರನೇ ತರಗತಿ ಮುಗಿಯುವುದರೊಳಗೆ ಓದು-ಲೆಕ್ಕದ ಬುನಾದಿ ಎಂದು 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಇಟ್ಟ ಗಡುವು 2026-27. ನಮ್ಮ ಗಡುವು ಏಪ್ರಿಲ್‌ನ ಬೇಸಿಗೆ ರಜೆ. ಅಷ್ಟರಲ್ಲಿ ಆಗಬೇಕಾದದ್ದು: ಮಡಚುವ ಕಾರ್ಡು ಚೀಲಕ್ಕೆ 20, ಟ್ಯೂಬಿನ ಬಳೆ ಇನ್ನೂ 40, ಯ ಒತ್ತಿಗೊಂದು ಪದ. ಎಂಟನೇ ಚೀಲದ ಗುಮ್ಮನ ಕಾಲು ಪಂಚಮಿಯಿಂದ ಕಾಣೆಯಾಗಿದೆ. ಸಿಗುವವರೆಗೆ ಆ ಚೀಲದ ಎರಡನೇ ಕಂತೆಯಲ್ಲಿ ಐದು ಪದಗಳ ಬದಲು ನಾಲ್ಕು.